ಮೂವರು ನಿಲ್ಲಬಾರದು

"ಈ ಕೈಯನ್ನು ಅವರು ಕತ್ತರಿಸುವವರಲ್ಲ," ಎಂದಳು ಊರ್ಮಿಳಾ.

ನಂಜುಂಡ ಮಸಾಲೆ ದೋಸೆಯ ತುದಿ ಮುರಿದು ಚಟ್ನಿಗೆ ಅದ್ದುತ್ತಿದ್ದ. "ಯಾರ ಕೈ? ಬಾರೇ ಇತ್ಲಾಗೆ. ಹೀಗೆ ಗೋಡೆ ನೋಡ್ತಾ ನಿಂತ್ರೆ ಜನ ಏನಂದ್ಕೋತಾರೆ?"

"ಯಜಮಾನರ ತಂಗಿ ಬೇಬಿಯ ಕೈ. ಮಣಿಕಟ್ಟಿನ ಹತ್ತಿರ ಪಟ ಮುಗಿದುಹೋಗಿದೆ."

"ಮುಗೀಲಿ ಬಿಡು. ದೋಸೆ ಆರ್ತಾ ಇದೆ. ಬೇರೆ ಹೋಟೆಲಿಗೆ ಹೋಗೋಣ ಅಂದ್ರೂ ಕೇಳ್ಲಿಲ್ಲ ನೀನು."

ಮದರಾಸಿನ ಪ್ಯಾರೀಸ್ ಕಾರ್ನರಿನ ಹಿಂದಿನ ಬೀದಿಯ ಅನಂತೇಶ್ವರ ಭವನದಲ್ಲಿ ಅದು ಊಟ ಮುಗಿದು ತಿಂಡಿ ಶುರುವಾಗುವ ನಡುವಿನ ಹೊತ್ತು. ಗಲ್ಲಾದ ಹಿಂದಿನ ಗೋಡೆಯಲ್ಲಿ, ದೇವರ ಪಟಗಳ ಕೆಳಗೆ, ಫೋಟೋಗಳ ಒಂದು ಸಾಲು. ಪ್ರತಿ ಆಯುಧಪೂಜೆಯ ದಿನ ಹಿತ್ತಿಲ ಅಂಗಳದಲ್ಲಿ, ಹೂವು ಏರಿಸಿದ ವ್ಯಾನಿನ ಮುಂದೆ ಹೋಟೆಲಿನ ಯಜಮಾನರ ಮನೆಯವರು ನಿಂತು ತೆಗೆಸಿಕೊಂಡವು. ತೆಗೆಯುತ್ತಿದ್ದವನು ಊರ್ಮಿಳಾಳ ಗಂಡ ಸದಾನಂದ. ಹಗಲಿಗೆ ವಿಮಾ ಕಚೇರಿಯ ಗುಮಾಸ್ತ, ಉಳಿದ ಹೊತ್ತಿಗೆ ಕ್ಯಾಮೆರಾದವನು.

ಆಯುಧಪೂಜೆಯ ಹಿಂದಿನ ಸಂಜೆ ಬಂದರಿನ ಕಡೆ ಪಟ ತೆಗೆಯಲು ಹೋದವನು ಮನೆಗೆ ಮರಳಲಿಲ್ಲ. ಹಬ್ಬದ ದಿನ ನಸುಕಿನಲ್ಲೇ ರಾಯಪುರಂ ದಡಕ್ಕೆ ಹೆಣ ಬಂತು. ತಾನಾಗಿಯೇ ನೀರಿಗೆ ಬಿದ್ದ ಎಂದು ಊರೆಲ್ಲ ಒಪ್ಪಿ ಮೂರು ತಿಂಗಳಾಗಿತ್ತು. ಊರ್ಮಿಳಾ ಒಪ್ಪಿರಲಿಲ್ಲ.

"ಅಣ್ಣ, ಒಂದು ನಿಮಿಷ ನೋಡು. ಸಾಲಿನಲ್ಲಿರುವ ಪಟಗಳೆಲ್ಲ ಚೌಕ. ಅವರ ಕ್ಯಾಮೆರಾದಲ್ಲಿ ಚೌಕವೇ ಬರುವುದು. ಕೊನೆಯದು ಮಾತ್ರ ಉದ್ದ, ಇಕ್ಕಟ್ಟು."

"ಅದು ಅವರು ತೆಗೆದದ್ದಲ್ವಲ್ಲೇ. ಯಾರೋ ಸ್ಟುಡಿಯೋದವನು ಬಂದಿದ್ದ ಅಂತ ಹೋಟೆಲಿನ ಮಧ್ವರಾಜರು ಪೊಲೀಸಿನೋರ ಮುಂದೇನೇ ಹೇಳಿದಾರೆ. ಹಬ್ಬದ ದಿನ ನಿನ್ನ ಗಂಡ ಎಲ್ಲಿದ್ರು ಅಂತ ನಿನಗೆ ನಾನು ಬಾಯಿಬಿಟ್ಟು ಹೇಳಬೇಕಾ?" ಅವನು ದನಿ ತಗ್ಗಿಸಿದ. "ಹೋಗಿ ಗುರುತು ಹಿಡಿದವನು ನಾನು ಕಣಮ್ಮ. ಅಂಗಿ, ವಾಚು ಎಲ್ಲ ಅವರದೇ. ಮುಖ ನೀನು ನೋಡಲಿಲ್ಲ, ಅದು ನಿನ್ನ ಪುಣ್ಯ."

ಹೆಂಗಸರು ಸ್ಮಶಾನಕ್ಕೆ ಹೋಗುವ ಪದ್ಧತಿ ಅವರ ಮನೆಯಲ್ಲಿರಲಿಲ್ಲ. ಸಂಜೆ ಅಣ್ಣ ತಲೆಗೆ ಸ್ನಾನ ಮಾಡಿ ಬಂದು ವಾಚನ್ನು ಅವಳ ಕೈಗಿಟ್ಟಿದ್ದ. ಅವಳು ಅದಕ್ಕೆ ಕೀಲಿ ಕೊಟ್ಟಿದ್ದಳು. ಅದು ಓಡಲಿಲ್ಲ.

"ನಾಳೆ ಬೆಳಿಗ್ಗೆ ರೈಲು," ಎಂದ ನಂಜುಂಡ, ಜೇಬು ತಟ್ಟಿಕೊಂಡು. "ಅಮ್ಮ ಹಾಸನದಲ್ಲಿ ದಾರಿ ಕಾಯ್ತಿದಾಳೆ. ಹೋದಮೇಲೆ ಈ ಪತ್ತೇದಾರಿಕೆ ಎಲ್ಲ ಬಿಟ್ಟುಬಿಡು. ಆ ಡಬ್ಬೀನೂ ಯಾರಾದ್ರೂ ಮಕ್ಕಳಿಗೆ ಕೊಟ್ಟುಬಿಡು, ಆಡ್ಕೊಳ್ಳಲಿ."

ಡಬ್ಬಿ ಅವಳ ಹೆಗಲಲ್ಲಿ ತೂಗುತ್ತಿತ್ತು. ಸದಾನಂದನ ಮೊದಲ ಕ್ಯಾಮೆರಾ. ಕಲಿಯಲೆಂದು ಮದುವೆಯಾದ ವರ್ಷವೇ ಅವಳಿಗೆ ಕೊಟ್ಟದ್ದು. ಎರಡು ಲೆನ್ಸಿನ ಒಳ್ಳೆಯ ಕ್ಯಾಮೆರಾ ಅವನ ಜೊತೆ ನೀರಿಗೆ ಹೋಯಿತು ಎಂದಿದ್ದರು.

ಮನಸ್ಸಿನಲ್ಲಿದ್ದುದನ್ನು ಮಾತಿನಲ್ಲಿ ಹೇಳಲು ಸದಾನಂದನಿಗೆ ಬರುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಕಚೇರಿಯಿಂದ ಬಂದು ಒಂದು ಪಟವನ್ನು ಒಲೆಯ ಪಕ್ಕ ಇಟ್ಟು ಹೋಗಿದ್ದ. ಖಾಲಿ ಊಟದ ಡಬ್ಬಿ, ತಳದಲ್ಲಿ ನಾಲ್ಕು ಕಾಳು ಸಕ್ಕರೆ, ಒಂದು ಇರುವೆ. ಮೊಸರನ್ನಕ್ಕೆ ಸಕ್ಕರೆ ಬೆರೆಸಿ ತಿನ್ನುವ ಅವನ ಚಾಳಿಗೆ ಅವಳು ಹಿಂದಿನ ದಿನ ನಕ್ಕಿದ್ದಳು. ಚೆನ್ನಾಗಿತ್ತು ಎಂದು ಹೇಳಲು ಅವನಿಗೆ ಅದೇ ದಾರಿ. ಜಗಳವಾದಾಗ ಅವಳು ಬೀಗ ಹಾಕಿದ ಬಾಗಿಲಿನ ಪಟ ತೆಗೆದು ಅವನ ಅಂಗಿಯ ಜೇಬಿಗೆ ತುರುಕಿದಳು. ಅವನು ಕಿಟಕಿಯ ಪಟ ತಂದ. ಹೀಗೆ ಅವರ ಸಂಸಾರ.

ಕೈಗಳ ವಿಷಯದಲ್ಲಿ ಮಾತ್ರ ಅವನು ಬಾಯಿ ಬಿಟ್ಟು ಬೈಯುತ್ತಿದ್ದ. ತಲೆ ಹೋದರೂ ಹೋಗಲಿ, ಕೈ ಕತ್ತರಿಸಬೇಡ. ಮುಖವನ್ನು ಎಲ್ಲರೂ ಸಿದ್ಧ ಮಾಡಿಕೊಂಡು ಬರುತ್ತಾರೆ. ಕೈಯನ್ನು ಸಿದ್ಧ ಮಾಡಿಕೊಳ್ಳಲು ಮರೆಯುತ್ತಾರೆ.

ಅವಳು ಇನ್ನೊಮ್ಮೆ ಸಾಲನ್ನು ನೋಡಿದಳು. ಕಳೆದ ವರ್ಷದ ಪಟ. ಹೋಟೆಲಿನ ಯಜಮಾನ ಮಧ್ವರಾಜ, ಅವನ ಹೆಂಡತಿ ಕಲಾವತಿ, ತಂಗಿ ಬೇಬಿ. ಅವರ ಪಕ್ಕದಲ್ಲಿ, ಹಳದಿ ಬಟ್ಟೆ ಉಟ್ಟು, ಕುಂಕುಮ ಇಟ್ಟುಕೊಂಡು, ಮನುಷ್ಯರ ಹಾಗೆ ನಿಂತ ಒಂದು ರುಬ್ಬುವ ಗುಂಡುಕಲ್ಲು.

ಆ ಕಲ್ಲಿನ ಕಥೆ ಅವಳಿಗೆ ಗೊತ್ತಿತ್ತು. ಮೂವರು ನಿಂತು ಪಟ ತೆಗೆಸಿಕೊಂಡರೆ ನಡುವಿನವರಿಗೆ ಆಯುಸ್ಸಿಲ್ಲ ಎಂದು ಮಧ್ವರಾಜನ ತಾಯಿ ಅಕ್ಕು ನಂಬಿದ್ದಳು. ಗಂಡ ತೀರಿಕೊಂಡ ಮೇಲೆ ಅವಳು ಪೂಜೆಯ ಪಟಕ್ಕೆ ನಿಲ್ಲುವುದನ್ನು ಬಿಟ್ಟಳು. ಮನೆಯಲ್ಲಿ ಉಳಿದವರು ಮೂವರು. ಅಡಿಗೆಮನೆಯ ಕಲ್ಲು ನಾಲ್ಕನೆಯವರಾಯಿತು. ಕಲ್ಲಿಗೆ ಸ್ನಾನವಾಗುವ ತನಕ ನನ್ನನ್ನು ಬಿಸಿಲಲ್ಲಿ ನಿಲ್ಲಿಸಿದ್ದಳು ಮುದುಕಿ ಎಂದು ಸದಾನಂದ ಹೇಳಿ ನಕ್ಕಿದ್ದ.

ಈ ವರ್ಷದ ಪಟದಲ್ಲಿ ಮೂವರೇ ಇದ್ದರು. ಕಲ್ಲಿಗೂ ಅದರಲ್ಲಿ ಜಾಗವಿರಲಿಲ್ಲ.

ಊರ್ಮಿಳಾ ಗಲ್ಲಾದ ಮುಂದೆ ಹೋಗಿ ನಿಂತಳು.

"ಮಧ್ವರಾಜರೇ, ಈ ಪಟ ತೆಗೆದವನು ಕುಳ್ಳನಾ?"

ಮಧ್ವರಾಜ ಚಿಲ್ಲರೆ ಜೋಡಿಸುತ್ತಿದ್ದ ಕೈ ನಿಲ್ಲಿಸಿದ. ದಪ್ಪ ಮೈ, ಹಣೆಗೆ ಗಂಧ, ಗಿರಾಕಿಗಳಿಗೆಂದೇ ಇಟ್ಟುಕೊಂಡ ನಗು. "ಎಂಥದ್ದು ಅಮ್ಮ?"

"ಮೊಳದೆತ್ತರದ ಮನುಷ್ಯ ತೆಗೆದ ಹಾಗಿದೆ. ನಿಮ್ಮ ಗದ್ದವೇ ಮೊದಲು ಕಾಣುತ್ತದೆ. ವ್ಯಾನಿನ ಚಕ್ರ ನಿಮಗಿಂತ ದೊಡ್ಡದಾಗಿದೆ."

"ಕೂತು ತೆಗೆದಿರಬೇಕು. ಅವರವರ ಶೋಕಿ." ನಗು ಹಾಗೆಯೇ ಇತ್ತು. "ನಾಳೆ ಊರಿಗೆ ಹೊರಟದ್ದಂತೆ? ಒಳ್ಳೆಯದಾಯಿತು. ಇಲ್ಲಿದ್ದರೆ ಇದೇ ಎಲ್ಲ ತಲೆಯಲ್ಲಿ ತಿರುಗುವುದು. ನಮಗೂ ನೋಡಲಿಕ್ಕೆ ಕಷ್ಟ."

"ಹೋಗುವ ಮೊದಲು ಒಂದು ಪಟ ತೆಗೆದುಕೊಡುತ್ತೇನೆ. ಅವರು ಪ್ರತಿ ವರ್ಷ ತೆಗೆದರು. ಕೊನೆಯದೊಂದು ನನ್ನದಿರಲಿ. ಅದೇ ಅಂಗಳ, ಅದೇ ಜನ."

"ಈಗ ಬೇಡ ಅಮ್ಮ. ವ್ಯಾಪಾರದ ಹೊತ್ತು."

ಹೋಟೆಲಿನಲ್ಲಿ ನಂಜುಂಡನನ್ನು ಬಿಟ್ಟರೆ ಕಾಫಿ ಆರಿಸಿಕೊಳ್ಳುತ್ತಿದ್ದ ಇಬ್ಬರು ದಲಾಲರಿದ್ದರು. ಊರ್ಮಿಳಾ ಅವರನ್ನು ನೋಡಿದಳು. ಮಧ್ವರಾಜನನ್ನು ನೋಡಿದಳು.

"ಯಾರದು, ಸದಾನಂದನ ಹೆಂಡತಿಯಾ?" ಅಡಿಗೆಮನೆಯ ಕಡೆಯಿಂದ ಅಕ್ಕುವಿನ ಮುದಿ ದನಿ ಬಂತು. "ಹೊರಗೆ ಯಾಕೆ ನಿಲ್ಲಿಸಿದ್ದು ಮಗಾ? ಬರಲಿ ಒಳಗೆ."

"ಅಮ್ಮ ಕರೆಯುತ್ತಿದ್ದಾರೆ," ಎಂದು ಊರ್ಮಿಳಾ ನೇರವಾಗಿ ನಡೆದಳು. ಗಲ್ಲಾದ ಪೆಟ್ಟಿಗೆಗೆ ಬೀಗ ಬಿದ್ದ ಸದ್ದು ಬೆನ್ನ ಹಿಂದೆ ಕೇಳಿಸಿತು.

ಹಿತ್ತಿಲ ಅಂಗಳದಲ್ಲಿ ಅಕ್ಕು ಮಣೆಯ ಮೇಲೆ ಕೂತು ಹುರುಳಿಕಾಯಿ ಮುರಿಯುತ್ತಿದ್ದಳು. ಕಣ್ಣಿಗೆ ಪೊರೆ ಬಂದು ವರ್ಷಗಳಾಗಿದ್ದವು, ಎಲ್ಲ ನೆರಳಿನ ಹಾಗೆ ಮಾತ್ರ ಕಾಣುತ್ತಿತ್ತು. ಬೆರಳುಗಳಿಗೆ ಕಣ್ಣು ಬೇಕಿರಲಿಲ್ಲ. ಪಕ್ಕದಲ್ಲಿ ಬೇಬಿ ಪುಸ್ತಕ ಹಿಡಿದಿದ್ದಳು. ಊರ್ಮಿಳಾಳನ್ನು ಕಂಡು ಪುಸ್ತಕವನ್ನು ಮುಖದ ತನಕ ಏರಿಸಿದಳು.

ವಿಷಯ ತಿಳಿದು ಕಲಾವತಿ ಹೊಸ್ತಿಲಲ್ಲೇ ನಿಂತಳು. "ಸಂಕ್ರಾಂತಿ ಎದುರಿಗೆ ಉಂಟು. ಈಗ ಪಟ ಎಲ್ಲ ಯಾಕೆ? ಅದೂ..."

"ಅದೂ?" ಎಂದಳು ಊರ್ಮಿಳಾ.

"ನಾನು ಎಂಥ ಹೇಳುವುದು? ನಿಮಗೇ ಗೊತ್ತುಂಟಲ್ಲ."

"ಗೊತ್ತಿದೆ. ನಾನು ಕ್ಯಾಮೆರಾದ ಈಚೆ ನಿಲ್ಲುತ್ತೇನೆ. ಪಟದಲ್ಲಿ ನಾನು ಬರುವುದಿಲ್ಲ. ನನ್ನ ಹಣೆಯೂ ಬರುವುದಿಲ್ಲ."

ಅಕ್ಕು ಕಾಯಿ ಮುರಿಯುವುದನ್ನು ನಿಲ್ಲಿಸದೆ ನಕ್ಕಳು. "ಸರಿಯಾಗಿ ಹೇಳಿದಳು ನೋಡು. ನಾನೂ ಹಾಗೆಯೇ ಇರುವವಳು, ಕಲಾವತಿ. ನನ್ನ ಕೈಯ ಸಾಂಬಾರನ್ನು ಇಡೀ ಬೀದಿ ಉಣ್ಣುತ್ತದೆ. ಈವರೆಗೆ ಯಾರಾದರೂ ಸತ್ತರಾ? ಹೋಗು, ನಿಲ್ಲು. ಬೇಬಿ, ಲಂಗ ಸರಿ ಮಾಡಿಕೋ."

ತಾಯಿಯ ಮಾತನ್ನು ಕೆಲಸದವರ ಎದುರಿಗೆ ಮೀರುವ ರೂಢಿ ಆ ಮನೆಯಲ್ಲಿರಲಿಲ್ಲ. ಮಧ್ವರಾಜ ಬಂದು ವ್ಯಾನಿನ ಮುಂದೆ ನಿಂತ. ಪಕ್ಕದಲ್ಲಿ ಕಲಾವತಿ. ಆಚೆ ತುದಿಯಲ್ಲಿ ಬೇಬಿ. ಗೋಡೆಯ ಪಟದಲ್ಲಿದ್ದದ್ದೂ ಇದೇ ಸಾಲು.

ಊರ್ಮಿಳಾ ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದು ಮೇಲಿನ ಪುಟ್ಟ ಗಾಜಿನೊಳಗೆ ನೋಡಿದಳು. ಅದರಲ್ಲಿ ಮೂವರೂ ಎಡಬಲ ತಿರುಗಿ, ಬೆಂಕಿಕಡ್ಡಿಯಷ್ಟಾಗಿ ನಿಂತಿದ್ದರು. ಅವಳು ಗುಂಡಿ ಒತ್ತಲಿಲ್ಲ. ಕಾದಳು.

"ನಿಲ್ಲು, ನಿಲ್ಲು," ಎಂದಳು ಅಕ್ಕು. "ಯಾರೆಲ್ಲ ನಿಂತದ್ದು? ಇವನು, ಇವಳು, ಬೇಬಿ. ಮೂವರಾ? ಮೂವರು ನಿಲ್ಲಬಾರದು ಅಂತ ಎಷ್ಟು ಸಲ ಹೇಳುವುದು. ಒಳಗಿಂದ ಕಲ್ಲು ತರಿಸು ಮಗಾ."

"ಕಲ್ಲು ಯಾಕಮ್ಮ?" ಊರ್ಮಿಳಾ ತಲೆ ಎತ್ತದೆ ಕೇಳಿದಳು. "ಈ ಸಲ ಆಯುಧಪೂಜೆಗೆ ಕಲ್ಲು ಇಟ್ಟಿಲ್ಲವಲ್ಲ. ಮೂವರೇ ನಿಂತಿದ್ದಾರೆ."

"ಮೂವರಾ? ನಾನು ಇಲ್ಲೇ ಕೂತಿದ್ದೆ ಮಗಳೇ. ನಾನು ಬಿಡುತ್ತೇನಾ?"

"ಅಮ್ಮ, ಸಾಕು. ಬಿಸಿಲು," ಎಂದ ಮಧ್ವರಾಜ.

"ನಾಲ್ಕನೆಯವರು ಯಾರಮ್ಮ?" ಎಂದಳು ಊರ್ಮಿಳಾ.

ಹಡಗಿನಿಂದ ಕಳ್ಳಸಾಮಾನು ತರುವ ಯಾರೋ ದಲಾಲನ ಹೆಸರು ಬರುತ್ತದೆ ಎಂದುಕೊಂಡಿದ್ದಳು. ಬಂದರಿನಲ್ಲಿ ಸದಾನಂದನನ್ನು ತಳ್ಳಿದ ಒಬ್ಬನ ಹೆಸರು. ಅದಕ್ಕೆ ಸಿದ್ಧಳಾಗಿ ಬಂದಿದ್ದಳು.

"ನಿನ್ನ ಗಂಡನೇ ಅಲ್ಲವಾ?" ಎಂದಳು ಅಕ್ಕು.

ಗಾಜಿನೊಳಗೆ ಮಧ್ವರಾಜನ ಕೈ ಮೇಲೆದ್ದು ಮತ್ತೆ ಕೆಳಗಿಳಿಯಿತು.

"ನಾನು ಕಲ್ಲು ತರಿಸಲಿಕ್ಕೆ ಹೊರಟದ್ದು," ಎಂದಳು ಅಕ್ಕು, ಕಾಯಿ ಮುರಿಯುತ್ತಾ. "ಅವನೇ ಹೇಳಿದ. ಕಲ್ಲು ಯಾಕಮ್ಮ, ನಾನಿಲ್ಲವಾ ಅಂತ. ಆ ಇಡ್ಲಿ ಕೊಪ್ಪರಿಗೆಯನ್ನು ಬೋರಲು ಹಾಕಿ ಅದರ ಮೇಲೆ ಕ್ಯಾಮೆರಾ ಇಟ್ಟ. ಎಂಥದೋ ಕೊಕ್ಕೆ ಎಳೆದ. ಅದು ಜಿರ್ ಅಂತ ಶಬ್ದ ಮಾಡಲಿಕ್ಕೆ ಶುರು ಮಾಡಿತು. ಅವನು ಓಡಿದ ಓಟ ನೋಡಬೇಕಿತ್ತು. ಬೇಬಿ ಅಂಗಿ ಹಿಡಿದು ಎಳೆದಳು. ಎಲ್ಲ ನಕ್ಕೆವು."

ಮೊಳದೆತ್ತರ. ಕ್ಯಾಮೆರಾದ ಹಿಂದೆ ಯಾರೂ ಇರಲಿಲ್ಲ.

ಊರ್ಮಿಳಾ ಡಬ್ಬಿಯನ್ನು ಇಳಿಸಿದಳು. ಮುಖ ಮೊದಲಿದ್ದಂತೆಯೇ ಇತ್ತು. ಬೆರಳುಗಳು ಮಾತ್ರ ಡಬ್ಬಿಯ ಬೆಲ್ಟಿನ ಬಕಲನ್ನು ಹಾಕಿ, ತೆಗೆದು, ಮತ್ತೆ ಹಾಕಿದವು.

"ಇದು ಯಾವ ವರ್ಷದ್ದಮ್ಮ?"

"ಇದೇ ಹಬ್ಬದ್ದು."

"ಅಮ್ಮನಿಗೆ ವಯಸ್ಸಾಯಿತು," ಎಂದ ಮಧ್ವರಾಜ. ಅವನು ಸಾಲು ಬಿಟ್ಟು ಮುಂದೆ ಬಂದಿದ್ದ. "ಹೋದ ವರ್ಷದ್ದು ಈ ವರ್ಷದ್ದಕ್ಕೆ ಸೇರಿಸುತ್ತಾರೆ. ನೀವು ಸುಮ್ಮನೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನಿಮ್ಮ ಅಣ್ಣ ಕಾಯುತ್ತಿದ್ದಾರೆ."

"ಹೋದ ವರ್ಷದ ಪಟದಲ್ಲಿ ಕಲ್ಲಿದೆ. ಅದಕ್ಕೆ ಹಳದಿ ಬಟ್ಟೆ ಉಡಿಸಿದ್ದೀರಿ."

"ಹಾಗಾದರೆ ಅದರ ಹಿಂದಿನ ವರ್ಷ."

"ಅದರಲ್ಲೂ ಕಲ್ಲಿದೆ. ಅದಕ್ಕೆ ಕೆಂಪು."

"ನನ್ನ ಮನೆಯ ಕಲ್ಲಿನ ಸೀರೆಯ ಬಣ್ಣ ನೀವು ಹೇಳಬೇಕಾ?" ನಗು ಮುಗಿದಿತ್ತು. "ನೋಡಿ, ನಿಮ್ಮ ಗಂಡನ ಮೇಲಿನ ಮರ್ಯಾದೆಗೆ ಇಷ್ಟು ಹೊತ್ತು ಸುಮ್ಮನಿದ್ದೆ. ಗಂಡ ಹೋದ ಹೆಂಗಸು ಹೋಟೆಲು ಹೋಟೆಲು ಸುತ್ತಿ ಗಂಡಸರನ್ನು ಪ್ರಶ್ನೆ ಕೇಳುವುದು ಚಂದ ಅಲ್ಲ. ಮನೆಯಲ್ಲಿ ಕೂರಬೇಕಾದ ಕಾಲ ಇದು."

"ಕೂತಿದ್ದೆ," ಎಂದಳು ಊರ್ಮಿಳಾ. "ಮೂರು ತಿಂಗಳು ಕೂತಿದ್ದೆ. ನೀವು ಕೊಟ್ಟದ್ದನ್ನೆಲ್ಲ ನಂಬಿಕೊಂಡು ಕೂತಿದ್ದೆ. ಇನ್ನು ನಿಮ್ಮ ಸರದಿ. ನಿಂತುಕೊಂಡೇ ಹೇಳಿ, ಪರವಾಗಿಲ್ಲ."

"ಪೊಯ್ ಸೊಲ್ಲಾದೀಂಗ ಅಣ್ಣಾ," ಎಂದಳು ಬೇಬಿ.

ಸುಳ್ಳು ಹೇಳಬೇಡಿ ಎಂದು ತಮಿಳಿನಲ್ಲಿ ಹೇಳಿದ ಆ ಹುಡುಗಿ ಮನೆಯಲ್ಲಿ ಅಣ್ಣನಿಗೆ ಎದುರಾಡಿದ್ದು ಅದೇ ಮೊದಲಿರಬೇಕು. ಕಲಾವತಿ ಅವಳ ತೋಳು ಹಿಡಿದಳು. ಬೇಬಿ ಕೊಡವಿಕೊಂಡಳು.

"ಅದು ಈ ವರ್ಷದ್ದೇ ಅಕ್ಕಾ. ನಾನ್ ಅನ್ನಿಕ್ಕಿ ದಾನ್, ಅವತ್ತೇ, ಫಸ್ಟ್ ಟೈಮ್ ದಾವಣಿ ಹಾಕಿದ್ದು. ಸದಾನಂದಣ್ಣ ಹೇಳಿದ್ರು, ದಾವಣಿಯವಳು ದೊಡ್ಡವಳಾದಳು, ಇವಳನ್ನು ನಡುವೆ ನಿಲ್ಲಿಸಬಾರದು ಅಂತ. ಜೋಕಿಗೆ." ಅವಳು ಅತ್ತಿಗೆಯಿಂದ ಎರಡು ಹೆಜ್ಜೆ ಸರಿದಳು. "ಮರುದಿನ ಅಣ್ಣ ನನ್ನ ಹತ್ರ ಆಣೆ ಹಾಕಿಸಿಕೊಂಡರು. ಯಾರಿಗೂ ಹೇಳಬಾರದು ಅಂತ."

ಊರ್ಮಿಳಾ ಗೋಡೆಯ ಪಟವನ್ನು ನೆನಪಿಸಿಕೊಂಡಳು. ಬೇಬಿ ದಾವಣಿ ಉಟ್ಟಿದ್ದಳು. ಅದರ ಸೆರಗು ಪಟದ ಅಂಚಿನಲ್ಲಿ ಅರ್ಧಕ್ಕೇ ನಿಂತಿತ್ತು.

"ಕತ್ತರಿಸಿದ ತುಂಡನ್ನು ಏನು ಮಾಡಿದಿರಿ?"

ಉತ್ತರ ಅಕ್ಕುವಿನಿಂದ ಬಂತು.

"ಒಲೆಗೆ ಹಾಕಲಿಕ್ಕೆ ಹೊರಟಿದ್ದ. ಸತ್ತವನ ಪಟ ಬದುಕಿದವರ ಜೊತೆ ಬೇಡ ಅಂತ ಕತ್ತರಿಸಿದನಂತೆ. ಅದು ಸರಿಯೇ. ಆದರೆ ಮನುಷ್ಯನ ಮುಖ ಬೆಂಕಿಗೆ ಹಾಕುವುದಾ? ನಾನು ತೆಗೆದಿಟ್ಟೆ." ಅವಳು ಸೊಂಟದಿಂದ ಎಲೆಯಡಿಕೆಯ ಚೀಲವನ್ನು ಬಿಡಿಸಿ, ಸುಣ್ಣದ ಡಬ್ಬಿ, ಹೊಗೆಸೊಪ್ಪು, ಒಂದು ಮುರಿದ ಸೂಜಿ ಎಲ್ಲವನ್ನೂ ಮಡಿಲಿಗೆ ಹಾಕಿಕೊಂಡಳು. ತಳದಿಂದ, ನಾಲ್ಕಾಗಿ ಮಡಿಸಿದ ವೀಳ್ಯದೆಲೆಯಷ್ಟಗಲದ ಕಾಗದ ತೆಗೆದಳು. "ನಿನ್ನದು ಮಗಳೇ. ತಕೋ. ಕೇಳಿದ್ದರೆ ಯಾವತ್ತೋ ಕೊಡುತ್ತಿದ್ದೆ."

ಮಧ್ವರಾಜ ಕೈ ಚಾಚಿದ. ಊರ್ಮಿಳಾ ಮೊದಲೇ ಬಿಡಿಸಿಯಾಗಿತ್ತು.

ಮಡಿಕೆಗಳಲ್ಲಿ ಬಿರುಕುಬಿಟ್ಟ ಉದ್ದನೆಯ ಪಟ್ಟಿ. ಅದರಲ್ಲಿ ಸದಾನಂದ. ಓಡಿ ಬಂದು ಆಗಷ್ಟೇ ನಿಂತಿದ್ದ. ಒಂದು ಕಾಲು ಇನ್ನೂ ಅಲುಗಾಡಿ ಮಸುಕಾಗಿತ್ತು. ಹಣೆಯ ಮೇಲೆ ಪೂಜೆಯ ಕುಂಕುಮ. ಅಂಚಿನಿಂದ ಬಂದ ಬೇಬಿಯ ಬೆರಳುಗಳು ಅವನ ತೋಳಿನ ಬಟ್ಟೆಯನ್ನು ಹಿಡಿದಿದ್ದವು. ಕತ್ತರಿಸಿದ ಕೈ ಅಲ್ಲಿ ಪೂರ್ತಿಯಾಗಿತ್ತು.

ಬೇಬಿ ಯಾರನ್ನೂ ಕೇಳದೆ ಒಳಗೆ ಹೋಗಿ ಗೋಡೆಯ ಪಟವನ್ನು ಚೌಕಟ್ಟಿನ ಸಮೇತ ತಂದಳು. ಊರ್ಮಿಳಾ ಪಟ್ಟಿಯನ್ನು ಗಾಜಿನ ಮೇಲೆ ಇಟ್ಟಳು. ದಾವಣಿ ದಾವಣಿಗೆ ಕೂಡಿತು. ಮಣಿಕಟ್ಟು ಕೈಗೆ ಕೂಡಿತು. ವ್ಯಾನಿನ ಹೂಮಾಲೆ ಮುರಿಯದೆ ಮುಂದುವರಿಯಿತು. ಪಟ ಚೌಕವಾಯಿತು.

ಅವಳು ಬಹಳ ಹೊತ್ತು ಅವನ ಕೈಗಳನ್ನು ನೋಡಿದಳು.

ಎಡಗೈ ಎದೆಯ ಮೇಲೆ, ಕ್ಯಾಮೆರಾದ ಕಡೆಗೆ ತಿರುಗಿತ್ತು. ಪಟಕ್ಕೆ ನಿಲ್ಲುವವರು ಯಾರೂ ಹಾಗೆ ಹಿಡಿಯುವುದಿಲ್ಲ. ಮಣಿಕಟ್ಟು ಬರಿದು. ವಾಚು ಇರಬೇಕಾದಲ್ಲಿ ಒಂದು ಬಿಳಿಯ ಗೆರೆ. ಅವನು ಅದನ್ನೇ ತೋರಿಸುತ್ತಿದ್ದ. ಮೈಮೇಲೆ ಪಟ್ಟೆಯ ಅಂಗಿ. ಆ ಅಂಗಿಯನ್ನು ಅವಳು ಎಂದೂ ಒಗೆದಿರಲಿಲ್ಲ.

"ಪೂಜೆ ಎಷ್ಟು ಹೊತ್ತಿಗೆ ಆಯಿತಮ್ಮ?"

"ರಾಹುಕಾಲ ಕಳೆದು. ಬಿಸಿಲು ಏರಿತ್ತು."

ಹೆಣ ದಡಕ್ಕೆ ಬಂದದ್ದು ಅದೇ ದಿನ ನಸುಕಿನಲ್ಲಿ. ಸೂರ್ಯ ಹುಟ್ಟುವ ಮೊದಲು ಸತ್ತವನು ಬಿಸಿಲೇರಿದ ಮೇಲೆ ಇಲ್ಲಿ ಓಡಿ ಬಂದು ನಿಂತಿದ್ದ.

ಊರ್ಮಿಳಾ ಮಧ್ವರಾಜನ ಕಡೆ ತಿರುಗಿದಳು. "ಸ್ಮಶಾನದಲ್ಲಿ ಸುಟ್ಟದ್ದು ಯಾರನ್ನು?"

"ನನಗೆ ಗೊತ್ತಿಲ್ಲ."

"ನಿಮ್ಮ ತಾಯಿ ಇಲ್ಲೇ ಕೂತಿದ್ದಾರೆ."

ಅಕ್ಕುವಿನ ಬೆರಳುಗಳು ನಿಂತಿದ್ದವು. "ಮಗಾ," ಎಂದಳು, "ಇವಳು ಎಂಥ ಕೇಳುತ್ತಿದ್ದಾಳೆ? ಸದಾನಂದ ಆ ದಿನ ಇಲ್ಲಿಂದ ಹೋಗಿ ನೀರಿಗೆ ಬಿದ್ದ ಅಂತಲ್ಲವಾ ನೀನು ಹೇಳಿದ್ದು?"

ಮಧ್ವರಾಜ ವ್ಯಾನಿನ ಮೆಟ್ಟಿಲ ಮೇಲೆ ಕೂತ. ದಪ್ಪ ಮೈ ಸಣ್ಣದಾಗಿ ಕಂಡಿತು.

"ದೇವರಾಣೆ ನನಗೆ ಗೊತ್ತಿಲ್ಲ. ಅವರು ಹಬ್ಬದ ಬೆಳಿಗ್ಗೆ ಈ ಹಿತ್ತಿಲ ಬಾಗಿಲಿಂದ ಬಂದರು. ಮೈಮೇಲಿದ್ದದ್ದು ಆ ಅಂಗಿಯೇ. ಕೇಳಿದರೆ ಹೇಳಲಿಲ್ಲ. ಪಟ ತೆಗೆದ ಮೇಲೆ ರೀಲನ್ನು ಸುತ್ತಿ ಬಿಚ್ಚಿ ನನ್ನ ಕೈಯಲ್ಲಿ ಕೊಟ್ಟರು. ಪ್ರತಿ ವರ್ಷ ಅವರೇ ಮನೆಯಲ್ಲಿ ತೊಳೆಯುವುದು. ಈ ಸಲ ಕೊಟ್ಟರು. ಕ್ಯಾಮೆರಾ ಹೆಗಲಿಗೆ ಹಾಕಿಕೊಂಡರು."

"ಏನಂದರು?"

ಅವನು ನೆಲ ನೋಡಿದ. "ತೊಳೆಸಿ ಊರ್ಮಿಳಾಳ ಕೈಗೇ ಕೊಡಿ. ಅವಳು ಓದಿಕೊಳ್ಳುತ್ತಾಳೆ ಅಂದರು."

ಒಳಗೆ ದೋಸೆಕಲ್ಲಿನ ಮೇಲೆ ನೀರು ಚಿಮುಕಿಸಿದ ಸದ್ದಾಯಿತು.

"ನನ್ನ ಕಾಗದವನ್ನು ನೀವು ಕತ್ತರಿಸಿ ಗೋಡೆಗೆ ಹಾಕಿದಿರಿ," ಎಂದಳು ಊರ್ಮಿಳಾ. "ನಾನು ತಿಂಗಳಿಗೆ ನಾಲ್ಕು ಸಲ ಅದರ ಕೆಳಗೆ ಕೂತು ಕಾಫಿ ಕುಡಿದೆ."

"ಹೋಟೆಲಿನ ಸಾಲಿನಲ್ಲಿ ಈ ವರ್ಷದ್ದು ಇಲ್ಲದಿದ್ದರೆ ಗಿರಾಕಿಗಳು ಕೇಳುತ್ತಿದ್ದರು. ಕತ್ತರಿಸಿದ್ದು ನಾನೇ. ಹೇಳಿದ್ದು ಬೇರೆಯವರು. ನನ್ನ ಕುತ್ತಿಗೆ ಅವರ ಕೈಯಲ್ಲಿ ಉಂಟು ಅಮ್ಮ. ನನ್ನ ವ್ಯಾನಿನಲ್ಲಿ ಯಾವ ಸಾಮಾನು ಹೋಯಿತು ಅಂತ ಅವರೊಬ್ಬರಿಗೇ ಗೊತ್ತಿರುವುದು."

"ಯಾರು?"

"ಹೆಣದ ಗುರುತು ಹಿಡಿದವರು ಯಾರು? ವಾಚು ತಂದುಕೊಟ್ಟವರು ಯಾರು?" ಅವನು ತಲೆ ಎತ್ತಿದ. ಕಣ್ಣುಗಳಲ್ಲಿ ಸಿಟ್ಟು, ಅದರ ಹಿಂದೆ ನಿರಾಳ. "ನನ್ನನ್ನು ಯಾಕೆ ನಿಲ್ಲಿಸಿ ಕೇಳುತ್ತೀರಿ? ನಿಮ್ಮ ಜೊತೆಯಲ್ಲೇ ಬಂದಿದ್ದಾರಲ್ಲ. ಮುಂದೆ ಕೂತು ದೋಸೆ ತಿನ್ನುತ್ತಿದ್ದಾರೆ."

ಊರ್ಮಿಳಾ ಪಟ್ಟಿಯನ್ನು ಮಡಿಸಲಿಲ್ಲ. ಹಾಗೆಯೇ ಕೈಯಲ್ಲಿ ಹಿಡಿದು ಅಡಿಗೆಮನೆಯ ಹೊಗೆಯನ್ನು ದಾಟಿ ಮುಂದಿನ ಹಜಾರಕ್ಕೆ ಬಂದಳು. ಓಡಲಿಲ್ಲ.

ಮೇಜಿನ ಹತ್ತಿರ ಯಾರೂ ಇರಲಿಲ್ಲ.

ಎಲೆಯ ಮೇಲೆ ಅರ್ಧ ದೋಸೆ ಉಳಿದಿತ್ತು. ಅಪ್ಪ ತೀರಿಕೊಂಡ ದಿನವೂ ನಂಜುಂಡ ಎಲೆ ಖಾಲಿ ಮಾಡಿಯೇ ಎದ್ದಿದ್ದ. ಅನ್ನ ಬಿಟ್ಟು ಏಳಬಾರದು ಎಂದು ಅವಳಿಗೆ ಚಿಕ್ಕಂದಿನಲ್ಲಿ ಹೊಡೆದು ಕಲಿಸಿದವನು ಅವನೇ. ಲೋಟದ ಕಾಫಿಯ ಮೇಲೆ ಕೆನೆ ಕಟ್ಟುತ್ತಿತ್ತು.

"ಹಿಂದಿನಿಂದ ಅಕ್ಕು ಅಮ್ಮನ ದನಿ ಕೇಳಿಸ್ತಲ್ಲ, ಆವಾಗಲೇ ಎದ್ದರು," ಎಂದ ಸಪ್ಲೈಯರ್ ತಿರುಮಲ. ಊರು ಬಿಟ್ಟು ಮದರಾಸಿನಲ್ಲೇ ತಲೆ ಹಣ್ಣಾದವನು. "ಕೈ ಕೂಡ ತೊಳೀಲಿಲ್ಲಮ್ಮ. ಎಂಜಲು ಕೈಯಲ್ಲೇ ಹೋದರು. ಪೊಟ್ಟಲಂ ಕೂಡ ಬಿಟ್ಟುಬಿಟ್ಟರು."

"ಯಾವ ಪೊಟ್ಟಣ?"

"ದಿನಾ ಕಟ್ಟಿಸಿಕೊಂಡು ಹೋಗುವುದು. ಒಬ್ಬರ ಊಟ." ಅವನು ಕೈಯಲ್ಲಿದ್ದುದನ್ನು ಮೇಜಿನ ಮೇಲಿಟ್ಟ. ಬಾಳೆಲೆ, ಅದರ ಮೇಲೆ ಹಳೆಯ ಪೇಪರು, ಅದರ ಮೇಲೆ ಬಾಳೆನಾರು. "ನವರಾತ್ರಿ ಕಳೆದಾಗಿನಿಂದ ಒಂದು ದಿನವೂ ತಪ್ಪಿಸಿಲ್ಲ. ಯಾರಿಗೆ ಅಂತ ಕೇಳಿದರೆ, ಕಾಯಿಲೆ ಮನುಷ್ಯ, ಎದ್ದು ಬರಕ್ಕಾಗಲ್ಲ ಅಂತಾರೆ. ಇವತ್ತು ಪಾವಂ, ಪಾಪ, ಆ ಮನುಷ್ಯನಿಗೆ ಊಟ ಇಲ್ಲ."

ಊರ್ಮಿಳಾ ನಾರು ಬಿಚ್ಚಿದಳು.

ಮೊಸರನ್ನ. ಪಕ್ಕದಲ್ಲಿ, ಬೇರೆ ಕಾಗದದ ಚೂರಿನಲ್ಲಿ ಸುತ್ತಿದ ಒಂದು ಚಿಕ್ಕ ಸುರುಳಿ. ಬಿಡಿಸಿದಾಗ ನಾಲ್ಕು ಕಾಳು ಮೇಜಿನ ಮೇಲೆ ಉದುರಿದವು. ಅವಳು ಒಂದನ್ನು ನಾಲಗೆಯ ಮೇಲೆ ಇಟ್ಟುಕೊಂಡಳು. ಸಕ್ಕರೆ.

ಹಿಂದೆ ಹಜಾರದ ಬಾಗಿಲಲ್ಲಿ ಮಧ್ವರಾಜ ಬಂದು ನಿಂತಿದ್ದ. "ಹೋಗಬೇಡಿ ಅಮ್ಮ," ಎಂದ. "ನೀವು ಹಿಂದೆ ಬಂದದ್ದು ಅವರಿಗೆ ಗೊತ್ತಾದರೆ ಆ ಮನುಷ್ಯನನ್ನು ಜೀವಂತ ಇಡುವುದಿಲ್ಲ."

ಅವಳು ಸುರುಳಿಯನ್ನು ಮತ್ತೆ ಸುತ್ತಿದಳು. ಪೊಟ್ಟಣವನ್ನು ಎಲೆ, ಪೇಪರು, ನಾರು ಹಾಕಿ ಮೊದಲಿನಂತೆ ಕಟ್ಟಿ ಕಂಕುಳಿಗೆ ಇಟ್ಟುಕೊಂಡಳು. ಡಬ್ಬಿ ಕ್ಯಾಮೆರಾವನ್ನು ಹೆಗಲಿಗೆ ಸರಿಪಡಿಸಿಕೊಂಡಳು.

"ತಿರುಮಲ," ಎಂದಳು, "ದಿನಾ ಈ ಪೊಟ್ಟಣ ಹಿಡಿದು ಅಣ್ಣ ಹತ್ತುವ ಬಸ್ಸು ಯಾವುದು?"